ಲೀಸ್ ಕಾರಿನಲ್ಲಿ ಗಡಿ ದಾಟುವ ಮುನ್ನ

ಮಾನ್ಯ ಸಂಪಾದಕರೆ,

ದಾವಣಗೆರೆಯ ಜೆಜೆಎಂ ವೈದ್ಯಕೀಯ ಕಾಲೇಜು, ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಬ್ರಿಟನ್ನಿನಲ್ಲಿ ನೆಲೆಸಿದ ಮಕ್ಕಳಿರುವ ಮನೆಗಳು ನಮ್ಮ ಊರಿನ ಹಲವು ಬಡಾವಣೆಗಳಲ್ಲಿವೆ. ಅಲ್ಲಿ ಕಾರನ್ನು ಕೊಳ್ಳದೆ ಎರಡು–ಮೂರು ವರ್ಷಗಳಿಗೆ ಲೀಸ್ ಪಡೆಯುವುದು ಸಾಮಾನ್ಯ. ಅಪ್ಪ ಅಮ್ಮ ಅಲ್ಲಿಗೆ ಹೋದಾಗ ಅದೇ ಕಾರಿನಲ್ಲಿ ಫ್ರಾನ್ಸ್, ಸ್ವಿಟ್ಜರ್ಲೆಂಡ್ ಸುತ್ತುವ ಯೋಜನೆಯೂ ಆಗುತ್ತದೆ. ಇಲ್ಲಿಂದ ಹೊರಡುವವರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅಂದರೆ ಐಡಿಪಿ ಒಂದಿದ್ದರೆ ಸಾಕೆಂದು ನೆಮ್ಮದಿಯಿಂದ ಇರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ಐಡಿಪಿ ಓಡಿಸುವವರ ಅರ್ಹತೆಯನ್ನು ಮಾತ್ರ ಹೇಳುತ್ತದೆ. ಕಾರು ಯಾರದು, ಅದನ್ನು ದೇಶದಿಂದಾಚೆ ಒಯ್ಯಲು ಮಾಲೀಕರ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಲೀಸ್ ಕಾರಿನ ನೋಂದಣಿ ಪತ್ರವಾದ ವಿ5ಸಿ ಸಾಮಾನ್ಯವಾಗಿ ಲೀಸ್ ಕಂಪನಿಯ ಬಳಿಯೇ ಇರುವುದರಿಂದ, ಅದಕ್ಕೆ ಬದಲಾಗಿ ವಿಇ103 ಎಂಬ ಪ್ರಮಾಣಪತ್ರವನ್ನು ಕಾರಿನಲ್ಲಿ ಇಟ್ಟುಕೊಳ್ಳಬೇಕು. ಕಂಪನಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಇದು ಸಿಗುವುದರಿಂದ ಹೊರಡುವ ಹಿಂದಿನ ದಿನ ಫೋನ್ ಮಾಡಿದರೆ ಕೆಲಸ ಕೆಡುತ್ತದೆ. ಕೆಲವು ವಾರ ಮೊದಲೇ ಕೇಳುವುದು ಒಳ್ಳೆಯದು. ಎಷ್ಟು ದಿನ, ಯಾವ ಯಾವ ದೇಶಗಳಿಗೆ ಒಯ್ಯಬಹುದು ಎಂಬ ಮಿತಿಯನ್ನು ಲೀಸ್ ಕರಾರಿನಲ್ಲಿ ಓದಿಕೊಳ್ಳಬೇಕು. ಹೊರಗೆ ವೇಗದ ಕ್ಯಾಮೆರಾಕ್ಕೆ ಸಿಕ್ಕಿಬಿದ್ದರೆ ದಂಡದ ನೋಟಿಸು ಸಾಮಾನ್ಯವಾಗಿ ಮೊದಲು ಕಂಪನಿಗೆ ಹೋಗುತ್ತದೆ, ಅನೇಕ ಕಂಪನಿಗಳು ಅದರ ಮೇಲೆ ತಮ್ಮ ಶುಲ್ಕವನ್ನೂ ಸೇರಿಸಿ ವಸೂಲು ಮಾಡುತ್ತವೆ.

ವಿಮೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬ್ರಿಟನ್ನಿನ ವಿಮೆ ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಕಡ್ಡಾಯವಾಗಿ ಕೊಡುವುದು ಮೂರನೆಯವರಿಗಾಗುವ ಹಾನಿಯ ರಕ್ಷಣೆಯನ್ನು ಮಾತ್ರ. ನಮ್ಮ ಕಾರಿಗೇ ಪೆಟ್ಟಾದರೆ ಪರಿಹಾರ ಸಿಗುವುದೋ ಇಲ್ಲವೋ ಎಂಬುದು ಆಯಾ ಪಾಲಿಸಿಗೆ ಬಿಟ್ಟದ್ದು. ಮಗನ ಕಾರನ್ನು ಅಪ್ಪ ಓಡಿಸುವುದಾದರೆ ಅಪ್ಪನ ಹೆಸರೂ ಪಾಲಿಸಿಯಲ್ಲಿ ಸೇರಿರಬೇಕು. ಭಾರತದ ಲೈಸೆನ್ಸ್ ಇರುವ ಚಾಲಕರನ್ನು ಎಲ್ಲ ವಿಮಾ ಕಂಪನಿಗಳೂ ಒಪ್ಪುವುದಿಲ್ಲವಾದ್ದರಿಂದ, ಆ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಪಡೆಯುವುದು ಸರಿ. ಬ್ರಿಟನ್ನಿನಲ್ಲಿ 12 ತಿಂಗಳ ಕಾಲ ನಮ್ಮ ಲೈಸೆನ್ಸೇ ನಡೆಯುತ್ತದೆ, ಫ್ರಾನ್ಸಿಗೆ ಮಾತ್ರ ಐಡಿಪಿಯನ್ನು ಮೂಲ ಲೈಸೆನ್ಸಿನ ಜೊತೆ ಒಯ್ಯುವುದು ಕ್ಷೇಮ.

ರಸ್ತೆಯ ಬಗ್ಗೆ ಒಂದು ಮಾತು. ಹೆದ್ದಾರಿ 48ರಲ್ಲಿ ಹಿರಿಯೂರಿನವರೆಗೆ ಸಲೀಸಾಗಿ ಓಡಿಸಿದವರಿಗೂ ಫ್ರಾನ್ಸ್, ಸ್ವಿಟ್ಜರ್ಲೆಂಡಿನ ರಸ್ತೆ ಹೊಸದು, ಅಲ್ಲಿ ಸಂಚಾರ ಬಲಬದಿಯಲ್ಲಿ. ಬ್ರಿಟಿಷ್ ಕಾರಿನ ಸ್ಟಿಯರಿಂಗ್ ಸಹ ಬಲಕ್ಕೇ ಇರುವುದರಿಂದ ಓವರ್‌ಟೇಕ್ ಮಾಡುವಾಗ ಎದುರಿನ ರಸ್ತೆ ಕಾಣುವುದೇ ಕಷ್ಟ, ಪಕ್ಕದಲ್ಲಿ ಕುಳಿತವರು ನಿದ್ದೆ ಮಾಡದಿರಲಿ! ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆ ಸ್ಟಿಕ್ಕರ್ ಅಂಟಿಸಬೇಕು ಅಥವಾ ಸರಿಹೊಂದಿಸಬೇಕು. 2021ರ ಸೆಪ್ಟೆಂಬರ್ 28ರಿಂದ ಬ್ರಿಟಿಷ್ ಕಾರಿನ ದೇಶ ಯಾವುದೆಂದು ತೋರಿಸುವ ಹಳೆಯ ಜಿಬಿ ಗುರುತಿನ ಬದಲು ಯುಕೆ ಗುರುತು ಬಂದಿದೆ. ಫ್ರಾನ್ಸಿನ ಮೋಟಾರುದಾರಿಯಲ್ಲಿ ಗಂಟೆಗೆ 130 ಕಿ.ಮೀ. ಮಿತಿ ಇದ್ದರೆ, ಮಳೆ ಬಂದಾಗ ಅದು 110. ಸ್ವಿಟ್ಜರ್ಲೆಂಡಿನ ಮೋಟಾರುದಾರಿಗೆ 40 ಫ್ರಾಂಕಿನ ವಿನ್ಯೆಟ್, ಅಂದರೆ ರಸ್ತೆ ಶುಲ್ಕ ಕಟ್ಟಿದ ಪರವಾನಗಿ, ಬೇಕು.

ಐಡಿಪಿಯನ್ನು ನಮ್ಮ ಆರ್‌ಟಿಒದಲ್ಲಿ ನಮೂನೆ 4ಎ ಮೂಲಕ ಪಡೆಯಬೇಕು. ಅದರ ಅವಧಿ ಒಂದು ವರ್ಷ, ಲೈಸೆನ್ಸ್ ಅದಕ್ಕೂ ಮುಂಚೆ ಮುಗಿದರೆ ಅಲ್ಲಿಯವರೆಗೆ ಮಾತ್ರ. ಅರ್ಜಿಯ ಸಮಯದಲ್ಲಿ ವೀಸಾ ಮತ್ತು ವೈದ್ಯಕೀಯ ಪ್ರಮಾಣಪತ್ರ ಇರಲೇಬೇಕೆಂಬ ಷರತ್ತನ್ನು ಕೇಂದ್ರ ಸರ್ಕಾರ 2021ರ ಜನವರಿಯಲ್ಲಿಯೇ ತೆಗೆದುಹಾಕಿದ್ದರೂ, ಅವೆರಡಿಲ್ಲದೆ ಆಗುವುದಿಲ್ಲವೆಂದು ಹೆದರಿಸಿ ಹಣ ಕೇಳುವ ಮಧ್ಯವರ್ತಿಗಳ ಮಾತನ್ನು ಜನ ನಂಬಿಬಿಡುತ್ತಾರೆ. ಆದ್ದರಿಂದ ಬೇಕಾದ ದಾಖಲೆಗಳ ಪಟ್ಟಿ, ಶುಲ್ಕ ಮತ್ತು ಅವಧಿಯನ್ನು ದಾವಣಗೆರೆ ಹಾಗೂ ಚಿತ್ರದುರ್ಗದ ಸಾರಿಗೆ ಕಚೇರಿಗಳ ಮುಂದೆ ಕನ್ನಡದಲ್ಲಿ ಪ್ರದರ್ಶಿಸಬೇಕು. ಜೊತೆಗೆ, ಲೀಸ್ ಅಥವಾ ಬಾಡಿಗೆ ಕಾರಿನಲ್ಲಿ ದೇಶದ ಗಡಿ ದಾಟುವವರು ಆ ಕಾರಿನ ಮಾಲೀಕ ಕಂಪನಿಯ ಲಿಖಿತ ಅನುಮತಿಯನ್ನು ಪ್ರತ್ಯೇಕವಾಗಿ ಪಡೆಯಬೇಕೆಂಬ ಒಂದು ಸಾಲನ್ನೂ ಅದೇ ಫಲಕದಲ್ಲಿ ಸೇರಿಸಬೇಕೆಂದು ಸಂಬಂಧಪಟ್ಟ ಅಧಿಕಾರಿಗಳನ್ನು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಒಬ್ಬ ಓದುಗ, ವಿದ್ಯಾನಗರ, ದಾವಣಗೆರೆ