ಹಾಡುವ ಹುಡುಗರಿಗೆ ಪಾರ್ಟಿ ಅಂಟಿಸಬೇಡಿ

ಮಾನ್ಯರೇ,

ಕೆಜಿಎಫ್‌ನ ಗಣಪತಿ ಹಬ್ಬದ ವೇದಿಕೆಯಲ್ಲಿ ನನ್ನ ಮಗ, ಅವನ ಗೆಳೆಯರು ರಾಕ್ ಹಾಡಿದರು. ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬಗಳ ದೂಳಿನ ಹಾಡು. ಗಾಳಿ ಎದ್ದರೆ ಆ ದೂಳು ನಮ್ಮ ಅನ್ನದ ತಟ್ಟೆಗೂ ಬೀಳುತ್ತದೆ. ವೇದಿಕೆ ಇಳಿದ ಕೂಡಲೇ ಒಬ್ಬರು ಕೇಳಿದ್ದು, ‘ನೀವು ಯಾವ ಪಾರ್ಟಿ ಕಡೆ?’ ದೂಳಿನ ಮಾತು ಯಾರೂ ಎತ್ತಲಿಲ್ಲ.

ಆಸ್ಟ್ರೇಲಿಯಾದ ಮಿಡ್‌ನೈಟ್ ಆಯಿಲ್ ತಂಡದ ಗಾಯಕ ಪೀಟರ್ ಗ್ಯಾರೆಟ್ ಅಣುಶಕ್ತಿ ವಿರುದ್ಧ ಹಾಡಿದವರು. 2004ರಲ್ಲಿ ಲೇಬರ್ ಪಕ್ಷದಿಂದ ಗೆದ್ದರು. ಮಂತ್ರಿಯಾಗಿ 2009ರಲ್ಲಿ, ಅದೇ ಅಣುಶಕ್ತಿಗೆ ಬೇಕಾದ ಯುರೇನಿಯಂ ತೆಗೆಯುವ ಗಣಿಗೆ ಒಪ್ಪಿಗೆ ಕೊಟ್ಟರು. ಪಕ್ಷ ಸೇರಿದರೆ ಹೀಗೇ ಅಲ್ವಾ ಅಂತ ನಮ್ಮ ಹುಡುಗರಿಗೆ ಬೇಸರ. ನನಗೂ ಅಷ್ಟೇ.

ಇಲ್ಲಿ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ವೋಟು ಕೇಳಲು ಎಲ್ಲ ಪಾರ್ಟಿಯವರೂ ಬಂದು ಹೋದರು. ದಿಬ್ಬಗಳು ಅಲ್ಲೇ ಇವೆ. ಮುಂದಿನ ಹಬ್ಬಕ್ಕೂ ಈ ಹುಡುಗರಿಗೆ ಮೈಕ್ ಕೊಡಿ.

– ಒಬ್ಬ ತಂದೆ, ರಾಬರ್ಟ್‌ಸನ್‌ಪೇಟೆ, ಕೋಲಾರ ಜಿಲ್ಲೆ