ಮಗಳಿಗೊಂದು ಪತ್ರ: ಇಪ್ಪತ್ತೈದು ಮಿಲಿಮೀಟರ್

ಪ್ರೀತಿಯ ಪುಟ್ಟಿ,

ಸ್ಕೂಟರ್ ಬುಕ್ ಮಾಡಿದ್ದೀಯ, ಮುಂದಿನ ವಾರ ಮೈಸೂರಿನಲ್ಲೇ ಡೆಲಿವರಿ ಅಂತ ಅಮ್ಮ ಹೇಳಿದಳು. ಬಣ್ಣ, ಮೈಲೇಜು, ಡಿಕ್ಕಿಯ ಜಾಗ ಎಲ್ಲ ನೋಡಿಯೇ ಆರಿಸಿರುತ್ತೀಯ. ಹೆಲ್ಮೆಟ್ ಮಾತ್ರ ‘ಯಾವುದೋ ಒಂದು ತಗೊಂಡರಾಯ್ತು’ ಅಂದೆಯಂತೆ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ‘ಆಯ್ತಪ್ಪಾ’ ಅಂತ ಮುಗಿಸಿಬಿಡುತ್ತೀಯ, ಬರೆದದ್ದನ್ನಾದರೆ ಕೂತು ಓದುತ್ತೀಯ.

ಮೊದಲು ಒಂದು ಲೆಕ್ಕ. ಸ್ಕೂಟರ್ ಮೇಲೆ ಕೂತಾಗ ನಿನ್ನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್, ಅಂದರೆ 1,500 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ನಿಂತಲ್ಲೇ ವಾಲಿ ಬಿದ್ದರೂ ತಲೆ ಅಷ್ಟು ಎತ್ತರದಿಂದ ನೆಲಕ್ಕೆ ಬಡಿಯಬಹುದು. ಬಿದ್ದ ಎತ್ತರವನ್ನು, ನೆಲಕ್ಕೆ ತಾಗಿದ ಮೇಲೆ ತಲೆ ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸು. ಪೆಟ್ಟು ಗುರುತ್ವದ ಎಷ್ಟು ಪಟ್ಟು ಅನ್ನುವುದು ಸರಿಸುಮಾರಾಗಿ ಸಿಗುತ್ತದೆ. ಬರಿತಲೆ ಡಾಂಬರಿಗೆ ಬಡಿದು ಮೂರು ಮಿ.ಮೀ. ಒಳಗೆ ನಿಂತಿತು ಅಂತಿಟ್ಟುಕೋ: 500 ಪಟ್ಟು. ಹೆಲ್ಮೆಟ್ ಒಳಗಿನ ಥರ್ಮಾಕೋಲ್ 25 ಮಿ.ಮೀ. ಅಪ್ಪಚ್ಚಿಯಾಗಿ ತಲೆಯನ್ನು ನಿಲ್ಲಿಸಿದರೆ: 60 ಪಟ್ಟು. ಮೊದಲನೆಯದರಲ್ಲಿ ಬುರುಡೆ ಬಿರಿಯಬಹುದು, ಪ್ರಾಣವೇ ಹೋಗಬಹುದು. ಎರಡನೆಯದರಲ್ಲಿ ಹೆಚ್ಚಿನವರು ತಲೆ ಸುತ್ತಿದರೂ ಎದ್ದು ಕೂರುತ್ತಾರೆ. ನೀನು ದುಡ್ಡು ಕೊಟ್ಟು ಕೊಳ್ಳುವುದು ಆ 25 ಮಿಲಿಮೀಟರನ್ನು. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಕಲ್ಲು-ಕಬ್ಬಿಣ ಒಳಗೆ ನುಗ್ಗದಂತೆ ತಡೆಯುತ್ತದೆ. ಪಟ್ಟಿ ಇಡೀ ಹೆಲ್ಮೆಟ್ಟನ್ನು ತಲೆಯ ಮೇಲೆ ಹಿಡಿದಿಡುತ್ತದೆ.

ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುವ ಟೊಪ್ಪಿಯಂಥ ಹೆಲ್ಮೆಟ್ಟಿನಲ್ಲಿ ಈ ಥರ್ಮಾಕೋಲೇ ಇರುವುದಿಲ್ಲ, ಚಿಪ್ಪಿನ ಕೆಳಗೆ ನೇರವಾಗಿ ಸ್ಪಂಜು. ಸ್ಪಂಜು ಬೆರಳಿನ ಒತ್ತಡಕ್ಕೇ ಪೂರ್ತಿ ತಗ್ಗುತ್ತದೆ, ಪೆಟ್ಟನ್ನು ಹೀರುವುದಕ್ಕೆ ಅದರಲ್ಲಿ ಏನೂ ಉಳಿದಿರುವುದಿಲ್ಲ. ಅಂಗಡಿಯಲ್ಲಿ ಹೆಲ್ಮೆಟ್ ಒಳಗೆ ಹೆಬ್ಬೆರಳಿಟ್ಟು ಒತ್ತಿ ನೋಡು. ಮೇಲಿನ ಮೆತ್ತೆ ತಗ್ಗಿ, ಅದರಡಿಯಲ್ಲಿ ಗಟ್ಟಿಯಾದ ಥರ್ಮಾಕೋಲ್ ಸಿಗಬೇಕು. ಬೆರಳು ನೇರ ಚಿಪ್ಪಿಗೇ ಹೋಗಿ ಮುಟ್ಟಿದರೆ ವಾಪಸ್ ಇಟ್ಟುಬಿಡು.

ಈ ತಿಳಿವಳಿಕೆ ಬಂದದ್ದು ಆಸ್ಪತ್ರೆಯಿಂದ. 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ, ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಬ್ರಿಟಿಷ್ ಸೇನಾಧಿಕಾರಿ, ಲೇಖಕ ಟಿ. ಇ. ಲಾರೆನ್ಸ್ ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದ. ತಲೆಗೆ ಪೆಟ್ಟಾಗಿತ್ತು, ಆರು ದಿನಕ್ಕೆ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕರೂ ಒಬ್ಬರು. ಮುಂದೆ ಎರಡನೆಯ ಮಹಾಯುದ್ಧ ಬಂತು. ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲೇ 2,279 ಬೈಕ್ ಸವಾರರು ಸತ್ತರು. 1941ರಲ್ಲಿ ಕೇರ್ನ್ಸ್ ಬರೆದ ಲೇಖನದಲ್ಲಿ ಹೆಲ್ಮೆಟ್ ಹಾಕಿ ಬಿದ್ದವರ ಪ್ರಕರಣ ಏಳೇ ಏಳು ಇದ್ದವು, ಏಳೂ ಜನ ಬದುಕಿ ಉಳಿದಿದ್ದರು. ಏಳು ಬಹಳ ಸಣ್ಣ ಸಂಖ್ಯೆ. ಆದರೂ ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಆ ದೇಶದ ಸಾಮಾನ್ಯ ಜನರಿಗೆ ಕಡ್ಡಾಯವಾದದ್ದು 1973ರಲ್ಲಿ. ಗೊತ್ತಾದದ್ದು ಕಾನೂನಾಗುವುದಕ್ಕೆ 32 ವರ್ಷ ಹಿಡಿಯಿತು. ನಡುವೆ ಹೋದ ಜೀವಗಳನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈಗ ಆಧಾರ ಏಳು ಜನರದ್ದಲ್ಲ. ಬೇರೆ ಬೇರೆ ದೇಶಗಳ 61 ಅಧ್ಯಯನಗಳನ್ನು ಒಟ್ಟು ಸೇರಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ಅಪಘಾತಕ್ಕೆ ಸಿಕ್ಕ ಸವಾರ ಸಾಯುವ ಸಾಧ್ಯತೆಯನ್ನು ಹೆಲ್ಮೆಟ್ ಶೇ. 42ರಷ್ಟು ಇಳಿಸುತ್ತದೆ, ತಲೆಗೆ ಪೆಟ್ಟಾಗುವ ಸಾಧ್ಯತೆಯನ್ನು ಶೇ. 69ರಷ್ಟು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಅವರ ತಂಡವೂ ದಶಕಗಳ ಕಾಲ ತಲೆಪೆಟ್ಟಿನ ಲೆಕ್ಕ ಹಿಡಿದು ಇದೇ ಕೆಲಸ ಮಾಡಿದೆ. ಗಾಯ ತಡೆಯುವ ವಿಷಯದಲ್ಲಿ ನಿಮ್ಹಾನ್ಸ್ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರ.

ವಿಯೆಟ್ನಾಮಿನ ವಿಷಯ ನಿನಗೆ ಗೊತ್ತಿರಲೇಬೇಕು, ಯಾಕೆಂದರೆ ಅದು ನಮ್ಮ ಹಾಗೆಯೇ ದ್ವಿಚಕ್ರದ ದೇಶ. 2007ರ ಡಿಸೆಂಬರ್ 15ರಂದು ಅಲ್ಲಿ ಎಲ್ಲ ರಸ್ತೆಗಳಲ್ಲೂ, ಹಿಂಬದಿ ಸವಾರರಿಗೂ ಸೇರಿಸಿ, ಹೆಲ್ಮೆಟ್ ಕಡ್ಡಾಯವಾಯಿತು. ಪ್ರಚಾರ ಮೊದಲೇ ನಡೆದಿತ್ತು, ದಂಡ ಭಾರಿಯಾಗಿತ್ತು, ಪೊಲೀಸರು ಮೊದಲ ದಿನದಿಂದಲೇ ಬೀದಿಯಲ್ಲಿದ್ದರು. ಹೆಲ್ಮೆಟ್ ಹಾಕುವವರ ಪ್ರಮಾಣ ಶೇ. 90 ದಾಟಿತು. ಆಮೇಲೆ ಲೆಕ್ಕ ಹಾಕುವವರು ಹತ್ತಿರ ಹೋಗಿ ನೋಡಿದಾಗ ಮೂರು ಸೋರಿಕೆ ಕಂಡವು. ಪಟ್ಟಿ ಬಿಗಿಯದೆ ಸುಮ್ಮನೆ ತಲೆ ಮೇಲಿಟ್ಟುಕೊಂಡವರು. ಗುಣಮಟ್ಟ ಇಲ್ಲದ ಅಗ್ಗದ ಹೆಲ್ಮೆಟ್ಟುಗಳು. ಮತ್ತು ಬರಿತಲೆಯ ಮಕ್ಕಳು: ಆ ಕಾನೂನಿನಲ್ಲಿ ಮಕ್ಕಳಿಗೆ ದಂಡ ಹಾಕುವ ಹಾಗಿರಲಿಲ್ಲ, ಅಪ್ಪ-ಅಮ್ಮನಿಗೂ ಹಾಕುವ ಹಾಗಿರಲಿಲ್ಲ. ಅದನ್ನು ಆಮೇಲೆ ತಿದ್ದಿದರು. ಮೊದಲ ಎರಡು ಸೋರಿಕೆ ನಮ್ಮಲ್ಲಿ ಯಾವ ಸಿಗ್ನಲ್ಲಿನಲ್ಲಿ ನಿಂತರೂ ಕಾಣುತ್ತವೆ. ಬಿಗಿಯದ ಹೆಲ್ಮೆಟ್ ಮೊದಲ ಪೆಟ್ಟಿಗೇ ಹಾರಿ ಹೋಗುತ್ತದೆ. ಬೀಳುವಾಗ ತಲೆ ಒಂದೇ ಸಲ ಬಡಿಯುತ್ತದೆ ಅನ್ನುವುದಕ್ಕೂ ಇಲ್ಲ. ಮೊದಲು ಕಾರಿನ ಬಾನೆಟ್ಟಿಗೆ, ಆಮೇಲೆ ನೆಲಕ್ಕೆ. ಎರಡನೆಯ ಪೆಟ್ಟಿಗೆ ತಲೆ ಬರಿದಾಗಿರುತ್ತದೆ.

ಕೊಳ್ಳುವಾಗ ಹೀಗೆ ಮಾಡು. ಹೊಲಿಗೆಯ ಟೇಪು ತಗೊಂಡು ಹುಬ್ಬಿನಿಂದ ಒಂದಂಗುಲ ಮೇಲೆ, ಹಿಂದೆ ತಲೆಯ ಉಬ್ಬಿದ ಭಾಗದ ಮೇಲೆ ಹಾಯಿಸಿ ಸುತ್ತಳತೆ ತೆಗೆ, ಸೆಂಟಿಮೀಟರಿನಲ್ಲಿ. ಆ ಅಳತೆಯ ಹೆಲ್ಮೆಟ್ ಹಾಕಿದಾಗ ಮೊದಲು ‘ಬಿಗಿಯಾಯ್ತು’ ಅನಿಸಬೇಕು, ಕೆನ್ನೆ ಸ್ವಲ್ಪ ಒತ್ತಿದ ಹಾಗಿರಬೇಕು. ಒಳಗಿನ ಮೆತ್ತೆ ಬಳಸುತ್ತಾ ತಗ್ಗುವುದರಿಂದ, ಇವತ್ತು ಹಾಯಾಗಿರುವುದು ಮೂರು ತಿಂಗಳಿಗೆ ಸಡಿಲವಾಗುತ್ತದೆ. ತಲೆಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದರೆ ಹೆಲ್ಮೆಟ್ ಜೊತೆಗೇ ತಿರುಗಬೇಕು. ಪಟ್ಟಿ ಬಿಗಿದು, ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಎಳೆ. ಮೇಲೆದ್ದು ಮುಖದ ಮೇಲೆ ಕವುಚಿಕೊಂಡರೆ ಅದು ನಿನ್ನ ತಲೆಯದ್ದಲ್ಲ. ಗಲ್ಲದ ಕೆಳಗೆ ಪಟ್ಟಿಯೊಳಗೆ ಎರಡು ಬೆರಳಿಗಿಂತ ಹೆಚ್ಚು ಹೋಗಬಾರದು. ಅಂಗಡಿಯಲ್ಲೇ ಕಾಲು ಗಂಟೆ ಹಾಕಿಕೊಂಡಿರು. ಹಣೆಯಲ್ಲಿ ಒಂದೇ ಜಾಗ ನೋಯತೊಡಗಿದರೆ ಆಕಾರ ಹೊಂದುತ್ತಿಲ್ಲ ಅಂತ, ಬೇರೆ ಮಾದರಿ ನೋಡು. ತುರುಬು ಹಿಡಿಸಲಿ ಅಂತ ಒಂದು ಸೈಜ್ ದೊಡ್ಡದು ತಗೊಳ್ಳಬೇಡ. ಕೂದಲನ್ನು ಕತ್ತಿನ ಹತ್ತಿರ ಕೆಳಗೆ ಜಡೆ ಹಾಕಿಕೋ. ಐಎಸ್‌ಐ ಗುರುತಿನ ಜೊತೆ ಐಎಸ್ 4151 ಎಂಬ ಹೆಲ್ಮೆಟ್ ಮಾನದಂಡದ ಸಂಖ್ಯೆಯೂ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯಾದ ಬಿಐಎಸ್‌ನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಬರೀ ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸುತ್ತಾರೆ.

ಇಟ್ಟುಕೊಳ್ಳುವುದರಲ್ಲೂ ತಪ್ಪಾಗುತ್ತದೆ. ಕನ್ನಡಿಯ ಕೋಲಿಗೆ ನೇತುಹಾಕಿದರೆ ಅದರ ತುದಿ ಒಳಗಿನ ಥರ್ಮಾಕೋಲಿನಲ್ಲಿ ಗುಳಿ ಮಾಡುತ್ತದೆ, ಅಲ್ಲಿ ಆಗಲೇ ನಿನ್ನ 25ರಲ್ಲಿ ಐದಾರು ಹೋಯಿತು. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಬಾರದು, ಥರ್ಮಾಕೋಲ್ ಕರಗುತ್ತದೆ. ತೊಳೆಯಲು ಸೋಪಿನ ನೀರು ಸಾಕು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು, ಹೊರಗೆ ಗೀರು ಕೂಡ ಕಾಣದಿದ್ದರೂ, ಬಿಸಾಡಬೇಕು. ಅಪ್ಪಚ್ಚಿಯಾದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ.

ಇನ್ನು ಹೆಲ್ಮೆಟ್ಟಿನ ಮಿತಿ ಎಲ್ಲಿ ಅಂತಲೂ ತಿಳಿದಿರು. ವಿಶ್ವಸಂಸ್ಥೆಯ 22ನೇ ನಿಯಮಾವಳಿಯಡಿ, ಯುರೋಪಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪರೀಕ್ಷೆಯಲ್ಲಿ, ಹೆಲ್ಮೆಟ್ ತೊಡಿಸಿದ ತಲೆಯ ಅಚ್ಚನ್ನು ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಕಬ್ಬಿಣದ ಅಡಿಗಲ್ಲಿಗೆ ಬಡಿಸುತ್ತಾರೆ. ಗಂಟೆಗೆ 27 ಕಿ.ಮೀ. ಅಷ್ಟೆ. (ಹೊಸ ತಿದ್ದುಪಡಿಯಲ್ಲಿ ಓರೆಯಾಗಿ ಬಡಿಸುವ ಪರೀಕ್ಷೆಯೂ ಸೇರಿದೆ, ತಲೆ ಗಿರ್ರನೆ ತಿರುಗಿದಾಗ ಮಿದುಳು ಘಾಸಿಯಾಗುವುದು ಹೆಚ್ಚು ಅಂತ.) ಜಾರಿ ರಸ್ತೆಗೆ ಬೀಳುವಾಗ ತಲೆ ನೆಲಕ್ಕೆ ಬಡಿಯುವ ವೇಗ ಹೆಚ್ಚುಕಡಿಮೆ ಬಿದ್ದ ಎತ್ತರದ್ದೇ ಆಗಿರುವುದರಿಂದ ಈ ಅಳತೆ ಸಾಕಾಗುತ್ತದೆ. ಆದರೆ ನಿಂತ ಲಾರಿಯ ಹಿಂಬದಿಗೋ ಕಂಬಕ್ಕೋ ನೇರ ಹೋಗಿ ಗುದ್ದಿದರೆ ತಲೆ ಬಡಿಯುವುದು ಗಾಡಿಯ ವೇಗದಲ್ಲೇ. ಅಲ್ಲಿ 25 ಮಿಲಿಮೀಟರಿನ ಕೈಲಿ ಆಗುವುದಿಲ್ಲ. ಅಲ್ಲಿಂದ ಮುಂದೆ ನಿನ್ನನ್ನು ಕಾಯಬೇಕಾದದ್ದು ಆ್ಯಕ್ಸಿಲರೇಟರ್ ಹಿಡಿದ ಕೈ.

ಇನ್ನೊಂದು ಲೆಕ್ಕ ನೋಡು. ಇಬ್ಬರು ಅಕ್ಕಪಕ್ಕ ಹೋಗುತ್ತಿದ್ದಾರೆ, ಒಬ್ಬರು 40ರಲ್ಲಿ, ಇನ್ನೊಬ್ಬರು 60ರಲ್ಲಿ. ಒಂದು ಮಗು ರಸ್ತೆಗೆ ಓಡಿಬರುತ್ತದೆ. ಕಣ್ಣು ಕಂಡು ಕೈ ಬ್ರೇಕ್ ಹಿಡಿಯುವುದಕ್ಕೆ ಇಬ್ಬರಿಗೂ ಒಂದು ಸೆಕೆಂಡ್. 40ರವರು ಅಷ್ಟರಲ್ಲಿ 11 ಮೀಟರ್ ಹೋಗಿ, ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದು ಇನ್ನು 12 ಮೀಟರಿನಲ್ಲಿ ನಿಲ್ಲುತ್ತಾರೆ. ಒಟ್ಟು ಸುಮಾರು 23 ಮೀಟರ್, ಮಗುವಿನ ಎದುರಿಗೇ. 60ರವರು ಬ್ರೇಕ್ ಮುಟ್ಟುವ ಹೊತ್ತಿಗೇ 17 ಮೀಟರ್ ಕಳೆದಿರುತ್ತದೆ. ಮಗು ಇರುವ ಜಾಗಕ್ಕೆ ಬಂದಾಗ ಅವರ ವೇಗ ಇನ್ನೂ ಗಂಟೆಗೆ 52 ಕಿ.ಮೀ. ಇರುತ್ತದೆ. ಪೂರ್ತಿ ನಿಲ್ಲಲು ಅವರಿಗೆ 44 ಮೀಟರ್ ಬೇಕು. ಸರಾಸರಿ ವೇಗ ಶೇ. 1 ಏರಿದರೆ ಸಾವು ಸುಮಾರು ಶೇ. 4 ಏರುತ್ತದೆ ಎಂಬ ಸೂತ್ರವನ್ನು ಸ್ವೀಡನ್ನಿನ ಯೊರಾನ್ ನಿಲ್ಸನ್ ಕಂಡುಕೊಂಡದ್ದು ರಸ್ತೆಗಳ ನಿಜವಾದ ಅಂಕಿಗಳಿಂದ.

ಸ್ವೀಡನ್ ಸಂಸತ್ತು 1997ರಲ್ಲಿ ‘ವಿಷನ್ ಝೀರೋ’, ಅಂದರೆ ರಸ್ತೆ ಸಾವನ್ನು ಸೊನ್ನೆಗೆ ಇಳಿಸುವ ನೀತಿ, ಒಪ್ಪಿಕೊಂಡಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರು ಕ್ಲೇಸ್ ಟಿಂಗ್ವಾಲ್. ಮನುಷ್ಯರು ತಪ್ಪು ಮಾಡಿಯೇ ಮಾಡುತ್ತಾರೆ, ಆ ತಪ್ಪಿಗೆ ಸಾವು ಶಿಕ್ಷೆಯಾಗದ ಹಾಗೆ ರಸ್ತೆ ಕಟ್ಟುವುದು ಕಟ್ಟುವವರ ಹೊಣೆ ಎಂಬುದು ಅದರ ತಿರುಳು. ಎದುರುಬದುರು ಡಿಕ್ಕಿಯಾಗುತ್ತಿದ್ದ ಅಗಲ ರಸ್ತೆಗಳನ್ನು ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು ಲೇನ್ ಮಾಡಿ, ನಡುವೆ ಉಕ್ಕಿನ ತಂತಿಯ ಬೇಲಿ ಎಳೆದರು. ತಂತಿ ಕುಯ್ದುಬಿಡುತ್ತದೆ ಎಂದು ಬೈಕ್ ಸವಾರರು ಹೆದರಿದ್ದರು. ಲೆಕ್ಕ ನೋಡಿದಾಗ ಆ ರಸ್ತೆಗಳಲ್ಲಿ ಅವರ ಸಾವೂ ಇಳಿದಿತ್ತು. 1997ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು 541, 2020ರಲ್ಲಿ 204. ಭಾರತದಲ್ಲಿ 2022ರಲ್ಲಿ 1,68,491, ಅದರಲ್ಲಿ ಶೇ. 44ಕ್ಕೂ ಹೆಚ್ಚು ದ್ವಿಚಕ್ರದವರು. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಸಚಿವರು, ಜನ ಮತ್ತು ವಾಹನ ಬೆರೆಯುವ ಬೀದಿಗಳಲ್ಲಿ 30 ಕಿ.ಮೀ. ಮಿತಿ ಇರಲಿ ಎಂದು ಘೋಷಿಸಿದರು. ಅದೇ ವರ್ಷ ವಿಶ್ವಸಂಸ್ಥೆ 2030ರೊಳಗೆ ಸಾವು-ನೋವನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟಿತು. ನಮ್ಮ ಬೀದಿಗಳಿಗೆ ಅದು ಬರುವ ತನಕ, ಶಾಲೆ, ಸಂತೆ, ಬಸ್ ಸ್ಟ್ಯಾಂಡ್ ಹತ್ತಿರ ಆ 30ನ್ನು ನೀನೇ ಪಾಲಿಸು.

ಹಬ್ಬಕ್ಕೆ ಸ್ಕೂಟರಿನಲ್ಲೇ ಊರಿಗೆ ಬರುತ್ತೇನೆ ಅಂದೆಯಂತೆ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರಕ್ಕೆ ಪ್ರವೇಶವಿಲ್ಲ. 100ರಲ್ಲಿ ಬರುವ ಕಾರಿಗೂ 50ರಲ್ಲಿ ಹೋಗುವ ಸ್ಕೂಟರಿಗೂ ನಡುವಿನ ವ್ಯತ್ಯಾಸವನ್ನು ಯಾವ ಹೆಲ್ಮೆಟ್ಟೂ ಹೀರಲಾರದು, ಆ ನಿಯಮ ನನಗೆ ಸರಿ ಅನಿಸುತ್ತದೆ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವವರು, ದೀಪವಿಲ್ಲದ ಟ್ರ್ಯಾಕ್ಟರ್ ಎಲ್ಲ ಇರುತ್ತವೆ. ರಾತ್ರಿ ಬೇಡ. ಮಳೆಯಲ್ಲಂತೂ ಬಸ್ಸು ಹತ್ತಿಬಿಡು.

ದಾರಿಯಲ್ಲಿ ಯಾರಾದರೂ ಬಿದ್ದಿರುವುದು ಕಂಡರೆ ಹೆದರದೆ 112 ಅಥವಾ 108ಕ್ಕೆ ಕರೆ ಮಾಡು. ನೆರವಾದವರನ್ನು ಪೊಲೀಸರೂ ಆಸ್ಪತ್ರೆಯವರೂ ಪೀಡಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 134ಎ ಕಲಂ ನಿನ್ನ ಬೆನ್ನಿಗಿದೆ. ಬಿದ್ದವರು ಉಸಿರಾಡುತ್ತಿದ್ದರೆ ಹೆಲ್ಮೆಟ್ ಕಿತ್ತು ತೆಗೆಯಬೇಡ, ಕತ್ತಿನ ಮೂಳೆಗೆ ಪೆಟ್ಟಾಗಿರಬಹುದು. ವೈಸರ್ ಎತ್ತಿ ಗಾಳಿ ಆಡುವ ಹಾಗೆ ಮಾಡಿದರೆ ಸಾಕು.

ಹೆಲ್ಮೆಟ್ ಎರಡು ತಗೋ. ರೂಮ್‌ಮೇಟ್ ಹಿಂದೆ ಕೂರುತ್ತಾಳೆ ಅಂತ ಗೊತ್ತು, ಅವಳ ತಲೆಯ ಅಳತೆಯನ್ನೂ ಟೇಪಿನಲ್ಲೇ ತೆಗೆ. ಎರಡೂ ಅಳತೆ ಇವತ್ತು ರಾತ್ರಿಯೇ ಕಳಿಸು. ದುಡ್ಡು ನಾನು ಹಾಕುತ್ತೇನೆ.

ನಿನ್ನ,
ಅಪ್ಪ