ಸದಾಶಿವಗಡಕ್ಕೆ ಒಂದು ಬೋರ್ಡ್ ಹಾಕ್ಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ರಜಕ್ಕೆ ಬೆಳಗಾವಿಯಿಂದ ಅಕ್ಕನ ಮಕ್ಳು ಬಂದಿದ್ರು. ಎರಡು ದಿನ ಬೀಚ್ ಆದ್ಮೇಲೆ ಕೋಟೆ ತೋರ್ಸು ಮಾಮಾ ಅಂತ ಹಠ ಹಿಡಿದ್ರು, ಸರಿ ಅಂತ ಮೊದ್ಲು ಮಾಜಾಳಿ ಗಡಿ ದಾಟಿ ಗೋವಾದ ಕಾಣಕೋಣ ಕಡೆ ಕಾಬೊ ದ ರಾಮ ಕೋಟೆಗೆ ಕರ್ಕೊಂಡು ಹೋದೆ, ಮರುದಿನ ನಮ್ಮ ಕಾರವಾರದ ಸದಾಶಿವಗಡ ಕೋಟೆ ಹತ್ತಿಸ್ದೆ.

ಕಾಬೊ ದ ರಾಮದಲ್ಲಿ ಜನವೋ ಜನ. ದೊಡ್ಡ ಬಾಗಿಲು, ಹಳೇ ಫಿರಂಗಿ, ಒಳಗೆ ಸಂತ ಆಂತೋನಿಯ ಬಿಳಿ ಇಗರ್ಜಿ, ಅಂಚಿಗೆ ಹೋದ್ರೆ ಕಾಲ ಕೆಳಗೇ ಸಮುದ್ರ. 1955ರವರೆಗೂ ಅಲ್ಲಿ ಜೈಲಿತ್ತು ಅಂದಿದ್ದಕ್ಕೆ ಮಕ್ಳು ಗೋಡೆ ಮುಟ್ಟಿ ಮುಟ್ಟಿ ನೋಡಿದ್ರು. ಬಂದೋರೆಲ್ಲ ಪೋರ್ಚುಗೀಸರ ಕೋಟೆ ಅಂತಲೇ ಮಾತಾಡ್ತಿದ್ರು, ಆದ್ರೆ ಅವ್ರ ಕೈಗೆ ಹೋಗೋ ಮುಂಚೆ ಅದು ನಮ್ಮ ಶಿರಸಿ ಹತ್ರದ ಸೋಂದೆ ಅರಸರದ್ದು. ನಮ್ಮ ಸದಾಶಿವಗಡವೂ ಅವ್ರದ್ದೇ, ಸೋಂದೆಯ ಬಸವಲಿಂಗ ಅರಸ ತನ್ನ ತಂದೆ ಸದಾಶಿವನ ಹೆಸರಲ್ಲಿ ಕಟ್ಟಿಸಿದ್ದು. ಅದನ್ನೂ 1752ರಲ್ಲಿ ಪೋರ್ಚುಗೀಸರು ಹಿಡಿದಿದ್ರು. ಆಮೇಲೆ 1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರು ಹೈದರಾಲಿ ಕೈಗೆ ಹೋಯ್ತು, ಅದರ ಹಿಂದೆಯೇ ಅವನು ಸೋಂದೆ ಮೇಲೆ ಬಂದ, ಅರಸ ಊರು ಬಿಟ್ಟು ಗೋವಾಕ್ಕೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಈಗ ಒಂದು ಕೋಟೆ ಆ ರಾಜ್ಯದಲ್ಲಿ, ಇನ್ನೊಂದು ಈ ರಾಜ್ಯದಲ್ಲಿ.

ಇಷ್ಟೆಲ್ಲ ನಾನೇ ಬಾಯಲ್ಲಿ ಹೇಳ್ಬೇಕಾಯ್ತು, ಯಾಕಂದ್ರೆ ಸದಾಶಿವಗಡದಲ್ಲಿ ನಾವು ಹತ್ತಿದ ದಾರೀಲಿ ಇದನ್ನ ತಿಳಿಸೋ ಒಂದು ಫಲಕವೂ ನಮಗೆ ಸಿಗಲಿಲ್ಲ. ಗುಡ್ಡ ಕಡಿದು ಹೈವೇ ಮಾಡಿದ್ದಾರೆ, ಗೋವಾಕ್ಕೆ ಹೋಗೋ ಎಷ್ಟೋ ಗಾಡಿ ಆ ಸಂದಿಯಲ್ಲೇ ಹಾದು ಹೋಗ್ತಾವೆ, ದುರ್ಗಾದೇವಿ ಗುಡಿಗೆ, ದರ್ಗಾಕ್ಕೆ ಬರೋ ಜನ ಇದ್ದಾರೆ, ಕೋಟೆ ಅಂತ ಗುಡ್ಡ ಹತ್ತಿ ಬಂದೋರು ಮಾತ್ರ ಅವತ್ತು ನಾವೇ. ಗಿಡಗಂಟಿ ಮಧ್ಯ ಉಳಿದ ಗೋಡೆ ತೋರ್ಸಿ ಇದೇ ಕೋಟೆ ಅಂದ್ರೆ ಚಿಕ್ಕೋಳು, ಇಷ್ಟೇನಾ ಅಂದ್ಲು, ನಿಜ ಹೇಳ್ತೀನಿ ನಂಗೆ ಹೊಟ್ಟೆ ಉರೀತು. ಆದ್ರೆ ಮೇಲಿಂದ ಕಾಳಿ ನದಿ ಸಮುದ್ರ ಸೇರೋ ಜಾಗ ತೋರ್ಸಿ, ಹೊಳೆ ಒಳಗೆ ಬರೋ ಹಡಗನ್ನ ಇಲ್ಲಿಂದ ಕಾಯ್ತಿದ್ರು ಕಣೇ ಅಂದ್ಮೇಲೆ ಅವಳೇ ಕೆಳಗಿಳಿಯೋಕೆ ಒಪ್ಪಲಿಲ್ಲ.

ಕುಮಟಾ ಹತ್ರದ ಮಿರ್ಜಾನ್ ಕೋಟೆ ನೋಡಿ, ಅಲ್ಲಿಗೆ ಜನ ಹುಡುಕ್ಕೊಂಡು ಬರ್ತಾರೆ. ಚಿರೇಕಲ್ಲಿನ ಗೋಡೆ ಚೆಂದ ಉಳಿದಿದೆ ಅನ್ನೋದು ಒಂದು, ಅದಕ್ಕಿಂತ ಹೆಚ್ಚಾಗಿ ಆ ಕೋಟೆಯ ಜೊತೆ ಹೆಸರು ಸೇರಿರೋ ಗೇರುಸೊಪ್ಪೆಯ ಚೆನ್ನಭೈರಾದೇವಿ ಕಥೆ ಜನಕ್ಕೆ ಗೊತ್ತು, 1552ರಿಂದ 1606ರವರೆಗೆ ಆಳಿದ ಕರಿಮೆಣಸಿನ ರಾಣಿ ಅಂತ ಶಾಲೆ ಮಕ್ಳೂ ಹೇಳ್ತಾರೆ. ಸೋಂದೆ ಅರಸರ ಕಥೆ ಹಾಗೆ ಊರೂರಿಗೆ ಮುಟ್ಟಿಲ್ಲ. ಶಿವರಾತ್ರಿಗೆ ಶಾಲ್ಮಲಾ ಹೊಳೆಯ ಸಹಸ್ರಲಿಂಗಕ್ಕೆ ಸಾವಿರಾರು ಜನ ಹೋಗ್ತಾರಲ್ಲ, ಆ ಲಿಂಗಗಳನ್ನ ಕೆತ್ತಿಸಿದ್ದೂ ಸೋಂದೆಯ ಸದಾಶಿವರಾಯನೇ ಅಂತಾರೆ. ಸೋಂದೆಯಲ್ಲೇ ವಾದಿರಾಜರ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ ಮೂರೂ ಇವೆ, ಕೋಟೆ ಜಾಗವೂ ಇದೆ, ಒಂದು ಇಡೀ ದಿನಕ್ಕೆ ಸಾಕಾಗುವಷ್ಟು.

ನಾನು ಕೇಳೋದು ದೊಡ್ಡ ಖರ್ಚಿನ ಕೆಲಸ ಅಲ್ಲ, ರೋಪ್‌ವೇ ಬೇಡ, ಲೈಟಿಂಗ್ ಬೇಡ. ಸದಾಶಿವಗಡದ ಬುಡದಲ್ಲೊಂದು ಮೇಲೊಂದು ಫಲಕ, ಕನ್ನಡ ಮತ್ತೆ ಕೊಂಕಣಿಯಲ್ಲಿ, ಯಾರು ಕಟ್ಟಿದ್ರು ಯಾರು ಹಿಡಿದ್ರು ಅಂತ ಇಸವಿ ಸಮೇತ, ಜೊತೆಗೆ ಸೋಂದೆ ಮತ್ತು ಕಾಬೊ ದ ರಾಮ ಎಲ್ಲಿ ಅಂತ ತೋರ್ಸೋ ಒಂದು ಮ್ಯಾಪ್. ಮಳೆಗಾಲ ಮುಗಿದ ಕೂಡ್ಲೆ ಒಂದು ಸಲ ಗಿಡಗಂಟಿ ಸವರೋ ಕೆಲಸ ಆಗ್ಲಿ. ಶ್ರಮದಾನ ಅಂತ ಕರೆದ್ರೆ ಕತ್ತಿ ಹಿಡ್ಕೊಂಡು ಮೊದ್ಲು ಬರೋನು ನಾನು, ದೀಪಾವಳಿ ರಜಕ್ಕೆ ಆ ಮಕ್ಳೂ ಮತ್ತೆ ಬರ್ತಾರೆ.

ಇಂತಿ,
ಕಾರವಾರದ ಓದುಗ